ಪದಚರ್ಚೆ: ನಡುನೀರಿನಲ್ಲಿ ಇರುವುದಕ್ಕೆ ‘ತೇಲು’ ಅನ್ನಬಹುದೇ?

ಗೆಳೆಯರೇ,

ಕಡಲಿನ ಫೊರಾಮಿನಿಫೆರಾ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದೇ ಕೋಶದ ಜೀವಿ. ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತದೆ. ಗಾತ್ರ ಚಿರೋಟಿ ರವೆಯ ಕಾಳಿನಷ್ಟು. ಲ್ಯಾಟಿನ್ ಹೆಸರಿಗೆ ‘ತೂತು ಹೊತ್ತದ್ದು’ ಎಂದು ಅರ್ಥ, ಅದನ್ನು ಕನ್ನಡಿಸುವ ಗೋಜಿಗೆ ಹೋಗಿಲ್ಲ. ತೊಡಕಾಗಿರುವುದು ದಿನವೂ ಆಡುವ ಮೂರು ಮಾತು: ತೇಲು, ನೆಲೆ, ಬಲಿತ.

ಈ ಜೀವಿಗಳಲ್ಲಿ ಕೆಲವು ತಳದ ಕೆಸರಿನಲ್ಲಿರುತ್ತವೆ, ಕೆಲವು ನೀರಿನಲ್ಲೇ ಬದುಕುತ್ತವೆ. ಎರಡನೆಯ ಬಗೆಯನ್ನು ‘ತೇಲುವ ಫೊರಾಮಿನಿಫೆರಾ’ ಎಂದು ಬರೆದೆ. ಕರಡು ಓದಿದ ತಂಗಿ ಕೇಳಿದಳು: “ಅಣ್ಣಾ, ತೇಲುತ್ತೆ ಅಂತೀಯ, ಮುಂದಿನ ಸಾಲಲ್ಲೇ ಇನ್ನೂರು ಮೀಟರ್ ಆಳ ಅಂತೀಯ. ತೇಲೋದು ಅಂದ್ರೆ ಮೇಲೆ ಅಲ್ವಾ?” ಹೌದಲ್ಲ! ಎಣ್ಣೆ ತೇಲುತ್ತದೆ, ಕೆಟ್ಟ ಮೊಟ್ಟೆ ತೇಲುತ್ತದೆ. ತಳಕ್ಕೂ ಹೋಗದೆ ಮೇಲಕ್ಕೂ ಬಾರದೆ ಇರುವುದಕ್ಕೆ ಏನನ್ನೋಣ? ನೀರಿನ ಸೆಳೆತಕ್ಕೆ ಸಿಕ್ಕಿ ಸಾಗುವ ಇಂಥ ಜೀವಿಗಳಿಗೆ ಇಂಗ್ಲಿಷಿನಲ್ಲಿ ಪ್ಲ್ಯಾಂಕ್ಟನ್ ಅನ್ನುತ್ತಾರೆ. ಅದಕ್ಕೆ ಪಠ್ಯಪುಸ್ತಕ ಕೊಡುವ ‘ಪ್ಲವಕ’ವೂ ತೇಲುವುದೇ, ಸಂಸ್ಕೃತದ ಅಂಗಿ ತೊಟ್ಟಿದೆ ಅಷ್ಟೇ. ಪ್ಲ್ಯಾಂಕ್ಟನ್ನಿನ ಗ್ರೀಕ್ ಮೂಲಕ್ಕೆ ‘ಅಲೆದಾಡುವುದು’ ಎಂಬ ಅರ್ಥವಿದೆ. ನಮ್ಮ ‘ಅಲೆ’ ತೆರೆಯೂ ಹೌದು, ಅಲೆಯುವುದೂ ಹೌದು. ಹಾಗಾಗಿ ಸದ್ಯಕ್ಕೆ ‘ಅಲೆಜೀವಿ’ ಎಂದು ಹಾಕಿದ್ದೇನೆ.

‘ನೆಲೆ’ಗೆ ಬರೋಣ. ಜೀವಿ ಇರುವ ಜಾಗಕ್ಕೆ ‘ಆವಾಸ’ ಅನ್ನುವುದು ರೂಢಿ. ಆದರೆ ಇಲ್ಲಿ ಜಾಗ ಎಂದರೆ ಮುಖ್ಯವಾಗಿ ಆಳ. ಗ್ಲೋಬಿಜೆರಿನಾಯ್ಡಿಸ್ ರೂಬರ್ ಎಂಬ ಜಾತಿ ಬಿಸಿಲು ಬೀಳುವ ಮೇಲುನೀರಿನದು. ಗ್ಲೋಬೊರೊಟಾಲಿಯಾ ಟ್ರಂಕಾಟ್ಯುಲಿನಾಯ್ಡಿಸ್ (ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರುತ್ತದೆ) ಚಿಕ್ಕದಿದ್ದಾಗ ಮೇಲಿದ್ದು, ಬೆಳೆಯುತ್ತಾ ನೂರಾರು ಮೀಟರ್ ಕೆಳಗಿಳಿಯುತ್ತದೆ. ಅಲ್ಲಿ ಚಿಪ್ಪಿನ ಮೇಲೆ ಇನ್ನೊಂದು ದಪ್ಪ ಪದರ ಹಚ್ಚಿಕೊಳ್ಳುತ್ತದೆ. ಆಳಕ್ಕೆ ಇಳಿದಂತೆ ನೀರು ತಣ್ಣಗಾಗುತ್ತದೆ. ತಣ್ಣಗಾದಷ್ಟೂ ಚಿಪ್ಪಿನಲ್ಲಿ ಭಾರದ ಆಮ್ಲಜನಕ, ಅಂದರೆ ಆಮ್ಲಜನಕ-18, ಜಾಸ್ತಿ, ಮೆಗ್ನೀಸಿಯಂ ಕಡಿಮೆ. ಹೀಗಾಗಿ ಒಂದೇ ಚಿಪ್ಪಿನ ಒಳಗೋಡೆ ಮೇಲುನೀರಿನ ಕಥೆ ಹೇಳಿದರೆ, ಹೊರಪದರ ಆಳದ ಕಥೆ ಹೇಳುತ್ತದೆ. ಚಿಪ್ಪಿನ ಆಮ್ಲಜನಕ ಅಳೆದು ಯಾವ ಜಾತಿ ಎಷ್ಟು ಆಳದಲ್ಲಿತ್ತು ಎಂದು ಲೆಕ್ಕ ಹಾಕುವುದನ್ನು ವಿಜ್ಞಾನಿ ಚೆಸಾರೆ ಎಮಿಲಿಯಾನಿ 1954ರಲ್ಲೇ ತೋರಿಸಿದ್ದರು. ನಮ್ಮಲ್ಲಿ ‘ನೆಲೆಗಾಣದ ನೀರು’ ಅನ್ನುತ್ತೇವೆ, ‘ಅವಳ ಮನಸ್ಸಿನ ನೆಲೆ ಸಿಗಲಿಲ್ಲ’ ಅನ್ನುತ್ತೇವೆ. ವಾಸವೂ ಆಳವೂ ಒಂದೇ ಪದದಲ್ಲಿವೆ. ಈ ಜೀವಿಗೆ ಇದಕ್ಕಿಂತ ಒಪ್ಪುವ ಪದ ನನಗೆ ಕಾಣಲಿಲ್ಲ. ‘ಆವಾಸ’ ಹೊಡೆದುಹಾಕಿದೆ.

ನಿಜವಾದ ಜಗಳ ‘ಬಲಿತ’ದ ಜೊತೆ. ಪ್ರಯೋಗಾಲಯದಲ್ಲಿ ಕಡಲತಳದ ಕೆಸರು ತೊಳೆದು ಜರಡಿ ಹಿಡಿದು, ಸಾಮಾನ್ಯವಾಗಿ 250ರಿಂದ 355 ಮೈಕ್ರಾನ್ ನಡುವಿನ ಚಿಪ್ಪುಗಳನ್ನಷ್ಟೇ ಆರಿಸುತ್ತಾರೆ. ಕಾರಣ, ಒಂದೇ ಜಾತಿಯಲ್ಲೂ ಸಣ್ಣ ಚಿಪ್ಪಿನ ರಸಾಯನ ಬೇರೆ, ದೊಡ್ಡದರದು ಬೇರೆ. ಸಣ್ಣದು ಬೇಗ ಬೇಗ ಬೆಳೆಯುತ್ತಾ, ತಾನೇ ಉಸಿರು ಬಿಟ್ಟ ಹಗುರ ಇಂಗಾಲವನ್ನು ಚಿಪ್ಪಿಗೆ ಸೇರಿಸಿಕೊಳ್ಳುತ್ತದೆ. ರೂಬರ್‌ನಂಥವು ಮೈಯಲ್ಲಿ ಪಾಚಿ ಸಾಕಿಕೊಂಡಿರುತ್ತವೆ. ಮೈ ದೊಡ್ಡದಾದಷ್ಟೂ ಪಾಚಿ ಜಾಸ್ತಿ. ಪಾಚಿ ಹಗುರ ಇಂಗಾಲವನ್ನು ಆರಿಸಿ ತಿನ್ನುವುದರಿಂದ ಚಿಪ್ಪಿಗೆ ಭಾರದ್ದು, ಇಂಗಾಲ-13, ಹೆಚ್ಚು ಉಳಿಯುತ್ತದೆ. ಇದನ್ನು ಬರೆಯುವಾಗ ‘ಎಳೆ ಚಿಪ್ಪು, ಬಲಿತ ಚಿಪ್ಪು’ ಎಂದು ತೆಂಗಿನಕಾಯಿಗೆ ಹೇಳುವ ಹಾಗೆ ಸಲೀಸಾಗಿ ಬಂತು. ಆದರೆ ಜರಡಿಗೆ ಗೊತ್ತಿರುವುದು ಗಾತ್ರ, ವಯಸ್ಸಲ್ಲ. ಮೇವು ಚೆನ್ನಾಗಿ ಸಿಕ್ಕದೆ ಸಣ್ಣದಾಗಿಯೇ ಬಲಿತದ್ದೂ ಇರಬಹುದು. ‘ಬಲಿತ’ ಅಂದರೆ ಅಳೆಯದ್ದನ್ನು ಅಳೆದೆ ಎಂದ ಹಾಗೆ. ಕಿವಿಗೆ ಹಿತವಾಗಿದ್ದರೂ ತೆಗೆದು ‘ದೊಡ್ಡ’ ಎಂದೇ ಹಾಕಿದೆ.

‘ಚಿಪ್ಪು’ ಬಗ್ಗೆ ತಕರಾರಿಲ್ಲ. ಕೊನೆಯಲ್ಲಿ ಜೀವಿ ತನ್ನನ್ನು ಸಾವಿರಾರು ಮರಿಕೋಶಗಳಾಗಿ ಒಡೆದುಕೊಂಡು ಹೊರಟುಹೋಗುತ್ತದೆ, ಖಾಲಿ ಗೂಡು ತಳ ಸೇರುತ್ತದೆ. ವಿಜ್ಞಾನಿಗಳ ಕೈಗೆ ಚಿಪ್ಪು ಕೊಟ್ಟ ಹಾಗೇ!

ಈಗ ನನ್ನ ಪ್ರಶ್ನೆ. ಕರಾವಳಿಯವರು, ಹೊಳೆ ಕೆರೆಗಳಲ್ಲಿ ಮೀನು ಹಿಡಿದು ಬೆಳೆದವರು ದಯವಿಟ್ಟು ಹೇಳಿ. ಮೇಲೆ ಬಾರದೆ, ತಳಕ್ಕೂ ಇಳಿಯದೆ, ಸೆಳೆತ ಹೋದತ್ತ ಹೋಗುವ ವಸ್ತುವಿಗೆ ನಿಮ್ಮ ಕಡೆ ಕ್ರಿಯಾಪದ ಏನಿದೆ? ‘ಅಲೆಜೀವಿ’ ಓದಿದಾಗ ನಿಮಗೆ ಅಲೆಯ ಮೇಲಿರುವುದು ಕಾಣುತ್ತದೋ, ಅಲೆದಾಡುವುದು ಕಾಣುತ್ತದೋ?