ಅಪ್‌ಡೇಟ್: ಆ ಸೆಕೆಂಡ್ ಹ್ಯಾಂಡ್ ಗಾಲ್ಫ್ ಡ್ರೈವರ್ ಕೋರ್ಸ್‌ನಲ್ಲಿ ಹೇಗಿತ್ತು

9 ಡಿಗ್ರಿ ಲಾಫ್ಟ್ (ಫೇಸ್, ಅಂದರೆ ಬಾಲ್‌ಗೆ ತಾಗುವ ಮುಖ, ಹಿಂದಕ್ಕೆ ವಾಲಿರುವ ಕೋನ), ಸ್ಟಿಫ್ ಶಾಫ್ಟ್ (ಹೆಚ್ಚು ಬಾಗದ ಕೋಲು) ಇರುವ ಹಳೆಯ ಡ್ರೈವರ್, ಅಂದರೆ ದೂರ ಹೊಡೆಯುವ ಕ್ಲಬ್, ನನ್ನಂಥ ನಿಧಾನ ಸ್ವಿಂಗ್‌ನವರಿಗೆ ಆಗುತ್ತದಾ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಕೊನೆಗೂ ತಗೊಂಡೆ. ಫೇಸ್‌ನಲ್ಲಿ ಬಿರುಕಿಲ್ಲ, ಹೆಡ್ ಅಲ್ಲಾಡಿಸಿದರೆ ಒಳಗೆ ಸದ್ದಿಲ್ಲ. ಗ್ರಿಪ್ ಮಾತ್ರ ಸವೆದು ನುಣುಪಾಗಿತ್ತು, ಹೊಸದು ಹಾಕಿಸಿದೆ.

ರೇಂಜ್‌ನಲ್ಲಿ (ಅಭ್ಯಾಸದ ಜಾಗ) ಚೆನ್ನಾಗೇ ಇತ್ತು. ಕೋರ್ಸ್‌ನಲ್ಲಿ ಬಾಲ್ ಕೆಳಗೇ ಹಾರಿ ಬಲಕ್ಕೆ ತಿರುಗುತ್ತಿತ್ತು. (ನಾನು ಬಲಗೈ ಆಟಗಾರ.) ನೀವು ಹೇಳಿದಂತೆ ಸ್ಲೀವ್ (ಶಾಫ್ಟ್ ಹೆಡ್‌ಗೆ ಸೇರುವಲ್ಲಿ ಇರುವ ತಿರುಗಿಸುವ ಭಾಗ) ತಿರುಗಿಸಿ ಲಾಫ್ಟ್ 10.5ಕ್ಕೆ ಏರಿಸಿದೆ. ಲಾಫ್ಟ್ ಏರಿದರೆ ಫೇಸ್ ಸ್ವಲ್ಪ ಮುಚ್ಚಿಕೊಳ್ಳುತ್ತದೆ (ನನಗೆ ಎಡಕ್ಕೆ ತಿರುಗುತ್ತದೆ), ಅಲ್ವಾ? ಅದೇ ಕೆಲಸ ಮಾಡಿತು. ಸ್ಲೈಸ್, ಅಂದರೆ ಬಲಕ್ಕೆ ತಿರುಗುವುದು, ಪೂರ್ತಿ ಹೋಗಿಲ್ಲ, ಆದರೆ ಬಾಲ್ ಈಗ ಮರಗಳ ಕಡೆ ಹೋಗದೆ ಫೇರ್‌ವೇ (ಹುಲ್ಲು ಕತ್ತರಿಸಿದ ಮಧ್ಯದ ದಾರಿ) ಅಂಚಲ್ಲಿ ನಿಲ್ಲುತ್ತದೆ. ಬಾಲ್ ಇಡುವ ಟೀ ಕಡ್ಡಿಯನ್ನೂ ಎತ್ತರಿಸಿದೆ, ಅರ್ಧ ಬಾಲ್ ಹೆಡ್‌ಗಿಂತ ಮೇಲೆ ಕಾಣುವಷ್ಟು. ಕ್ಲಬ್ಬನ್ನು ಒಂದಿಂಚು ಕೆಳಗೆ ಹಿಡಿದಾಗ ಬಾಲ್ ಫೇಸ್ ಮಧ್ಯಕ್ಕೇ ಸಿಗುತ್ತದೆ. ದೂರ ತುಸು ಕಡಿಮೆ, ನನಗೆ ಪರವಾಗಿಲ್ಲ.

ಹೆಡ್‌ನ ಗಾತ್ರ 460 ಸಿಸಿ, ಅಂದರೆ ನಿಯಮದ ಮಿತಿಯೊಳಗೇ ಇದೆ. ಸದ್ದು ಮಾತ್ರ ತಗಡು ಬಡಿದ ಹಾಗೆ!

ಶಾಫ್ಟನ್ನು ಇನ್ನೂ ಬಾಗುವ ರೆಗ್ಯುಲರ್‌ಗೆ ಬದಲಾಯಿಸಿ ಎಂದು ಕೆಲವರು ಹೇಳಿದ್ದಿರಿ. ಸುಸ್ತಾದ ಮೇಲೆ ಕೊನೆಯ ಹೋಲ್‌ಗಳಲ್ಲಿ ಸ್ಟಿಫ್ ನಿಜಕ್ಕೂ ಭಾರ ಅನ್ನಿಸುತ್ತದೆ. ಮುಂದೆ ಅದನ್ನೇ ನೋಡಬೇಕು.