22 ವರ್ಷ ಚರ್ಚಿನ ಸಭಾಪಾಲಕನಾಗಿದ್ದು, ಈಗ ಬೇರೆ ಸೇವೆಗೆ ಹೋಗಬಹುದಾ?

ಪ್ರಶ್ನೆ (ಬೆಟಗೇರಿಯಿಂದ): ನನಗೀಗ 51. ಆಸ್ಪತ್ರೆಯಲ್ಲಿ ರೋಗಿಗಳ ಪಕ್ಕ ಕೂತು ಮಾತಾಡುವ, ಪ್ರಾರ್ಥಿಸುವ ಕೆಲಸಕ್ಕೆ ಮನಸ್ಸು ಎಳೆಯುತ್ತಿದೆ. ಸಭೆ ಬಿಟ್ಟರೆ ದೇವರ ಕರೆಯನ್ನೇ ಬಿಟ್ಟಂತೆ ಆಗುತ್ತದಾ?

ಧಾರವಾಡದಿಂದ: ಇಲ್ಲ ಪಾಸ್ಟರ್. ಕಿಟೆಲ್ 1853ರಲ್ಲಿ ಮಿಷನರಿಯಾಗಿ ನಮ್ಮ ನಾಡಿಗೆ ಬಂದರು, ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಬೈಬಲಿನ ಅಪೊಸ್ತಲ ಪೌಲನೂ ಕೊರಿಂಥದಲ್ಲಿ ಗುಡಾರ ಹೊಲಿದನಲ್ವಾ? ಕೆಲಸ ಬದಲಾಗುತ್ತದೆ, ಕರೆ ಅಲ್ಲ.

ಹುಬ್ಬಳ್ಳಿಯಿಂದ: ನಮ್ಮ ಮನೆಯವರೂ ಹೀಗೇ ಬದಲಾಯಿಸಿದರು. ಕರೆಗಿಂತ ಜಾಸ್ತಿ ಕಾಡಿದ್ದು ಮನೆ, ಯಾಕಂದ್ರೆ ಸಭೆ ಕೊಟ್ಟ ಮನೆ ಖಾಲಿ ಮಾಡಿ, ಮಗಳ ಕಾಲೇಜು ಫೀ ನಡುವೆಯೇ ಬಾಡಿಗೆ ಹುಡುಕಬೇಕಾಯಿತು. ಮೊದಲು ಅಕ್ಕಾವ್ರ ಜೊತೆ ಕೂತು ಲೆಕ್ಕ ಹಾಕಿ. ಬಿಷಪ್‌ಗೆ ನೀವೇ ಹೇಳಿ, ಬೇರೆಯವರ ಬಾಯಿಂದ ಹೋಗೋದು ಬೇಡ. ಆಪ್ತಸಮಾಲೋಚನೆ ತರಬೇತಿಯನ್ನೂ ಪಡೆಯಿರಿ.

ಬೆಟಗೇರಿಯಿಂದ: ಮನೆಯ ವಿಷಯ ನಾನು ಯೋಚಿಸಿರಲೇ ಇಲ್ಲ. ಇವತ್ತೇ ಹೆಂಡತಿಯ ಜೊತೆ ಮಾತಾಡುತ್ತೇನೆ.