1631ರ ಜರ್ಮನಿಗೆ ಬಿದ್ದ ಊರು: ಮೊದಲ ಚಳಿಗಾಲ ದಾಟುತ್ತಾ?

ಕಥೆಪ್ರಿಯೆ: ಈ ಕಾಲದ ಸಣ್ಣ ಅಮೆರಿಕನ್ ಊರೊಂದು ಜನ, ಅಂಗಡಿ, ಆಸ್ಪತ್ರೆ ಸಮೇತ ಮೂವತ್ತು ವರ್ಷಗಳ ಯುದ್ಧದ (1618–48, ಜರ್ಮನಿಯಲ್ಲಿ ಕ್ಯಾಥೊಲಿಕ್ ಚಕ್ರವರ್ತಿಯ ಕಡೆಯವರಿಗೂ ಪ್ರಾಟೆಸ್ಟೆಂಟರಿಗೂ ನಡೆದದ್ದು) ನಡುವೆ ಹೋಗಿ ಬೀಳುವ ಕಥೆಗಳು ನನಗೆ ತುಂಬಾ ಇಷ್ಟ. ಆದರೆ ಊರಿನವರು ಬಂದೂಕಿನಿಂದ ಗೆಲ್ಲುತ್ತಾರೆ ಅನ್ನೋದನ್ನು ನಾನು ಒಪ್ಪಲ್ಲ. ವಸಂತದಲ್ಲಿ ಬಿದ್ದರು ಅಂತಿಟ್ಟುಕೊಳ್ಳಿ. ಮೂರು ಸಾವಿರ ಬಾಯಿಗೆ ಊಟ ಎಲ್ಲಿಂದ? ಸುತ್ತಲಿನ ಹಳ್ಳಿಗಳನ್ನು ಸೈನಿಕರು ಆಗಲೇ ದೋಚಿದ್ದಾರೆ. ಆಗಿನ ರೈ (ಗೋಧಿಯಂಥ ಧಾನ್ಯ) ಬೆಳೆ ಒಂದು ಸೇರು ಬಿತ್ತಿದರೆ ನಾಲ್ಕೈದು ಸೇರು ಕೊಡುತ್ತಿತ್ತು. ಅದರಲ್ಲೂ ಒಂದು ಸೇರು ಬೀಜಕ್ಕೆ ಎತ್ತಿಡಬೇಕು.

ಕೊಡಗಿನ ಕೋವಿ: ‘ಬಂದೂಕಿನಿಂದ ಗೆಲ್ಲುತ್ತಾರೆ ಅನ್ನೋದನ್ನು ಒಪ್ಪಲ್ಲ’ ಅಂದ್ರೆ ಹೇಗೆ? 1631ರ ಮೇ 20ಕ್ಕೆ ಚಕ್ರವರ್ತಿಯ ಕಡೆಯ ಸೇನಾಪತಿ ಟಿಲ್ಲಿಯ ಸೈನ್ಯ ಜರ್ಮನಿಯ ಮಾಗ್ಡೆಬರ್ಗ್ ಊರಿಗೆ ನುಗ್ಗಿತು. ಸುಮಾರು 20,000 ಜನ ಸತ್ತರು. ಆ ಊರಿನ ಉಗ್ರಾಣ ತುಂಬಿದ್ದರೆ ಅವರು ಉಳಿಯುತ್ತಿದ್ದರಾ?

ಹಳೇ ಪಂಚಾಂಗ: ಮೇ 20 ಅಲ್ಲ, ಮೇ 10. ಮಾಗ್ಡೆಬರ್ಗ್ ಪ್ರಾಟೆಸ್ಟೆಂಟರ ಊರು, ಅಲ್ಲಿ ಹಳೇ ಜೂಲಿಯನ್ ಕ್ಯಾಲೆಂಡರ್ ಇತ್ತು, ಈಗಿನದಕ್ಕಿಂತ ಹತ್ತು ದಿನ ಹಿಂದೆ.

ಕೊಡಗಿನ ಕೋವಿ: ಎರಡೂ ಒಂದೇ ದಿನ ಸರ್. ಸತ್ತವರ ಲೆಕ್ಕ ಬದಲಾಗಲ್ಲ.

ರಾತ್ರಿ ಓದುಗ: ಊಟದ ಚಿಂತೆ ಯಾಕೆ? ಅಂಗಡಿಯಲ್ಲಿ ಆಲೂಗಡ್ಡೆ ಮೂಟೆಗಟ್ಟಲೆ ಇರುತ್ತೆ. ಅದನ್ನೇ ನೆಟ್ಟರೆ ಆಯ್ತು. ಫ್ರೆಡರಿಕ್ ದೊರೆ ಪ್ರಷ್ಯದಲ್ಲಿ ಆಲೂಗಡ್ಡೆ ಬೆಳೆಯಿರಿ ಅಂತ ಆಜ್ಞೆ ಮಾಡಿದ್ದು 1756ರಲ್ಲಿ. ನಮ್ಮ ಊರಿನವರು 125 ವರ್ಷ ಮುಂದಿರುತ್ತಾರೆ.

ಹಾಸನದ ಹೊಲ: ‘ಅದನ್ನೇ ನೆಟ್ಟರೆ ಆಯ್ತು’ ಅನ್ನೋರು ಒಮ್ಮೆ ನೆಟ್ಟು ನೋಡಬೇಕು. ನಮ್ಮಪ್ಪ ಮೂವತ್ತು ವರ್ಷ ಆಲೂಗಡ್ಡೆ ಬೆಳೆದವರು. ಹಾಸನಕ್ಕೆ ಬಿತ್ತನೆ ಗೆಡ್ಡೆ ಜಲಂಧರ್‌ನಿಂದ ಲಾರಿಯಲ್ಲಿ ಬರುತ್ತೆ. ಸುಮ್ನೆ ಅಲ್ಲ, ತಿನ್ನೋ ಗೆಡ್ಡೆ ಬೇರೆ, ಬಿತ್ತೋ ಗೆಡ್ಡೆ ಬೇರೆ. ಅಮೆರಿಕದ ಅಂಗಡಿಗಳಿಗೆ ಬರೋ ಗೆಡ್ಡೆಗೆ ಮೊಳಕೆ ಒಡೆಯದಂತೆ ಔಷಧಿ ಹಾಕಿರುತ್ತಾರೆ. ಕಣ್ಣೇ ಬಿಡಲ್ಲ.

ರಾತ್ರಿ ಓದುಗ: ‘ಕಣ್ಣೇ ಬಿಡಲ್ಲ’ ಅನ್ನೋದು ಸುಳ್ಳು. ಔಷಧಿಯ ಶಕ್ತಿ ಕಡಿಮೆ ಆದಮೇಲೆ ಎಷ್ಟೋ ಗೆಡ್ಡೆ ಮೊಳೆಯುತ್ತೆ. ಹಿತ್ತಲಲ್ಲಿ ತರಕಾರಿ ಬೆಳೆಯೋ ಮನೆಗಳೂ ಇರುತ್ತವೆ ಅಲ್ವಾ?

ಕಥೆಪ್ರಿಯೆ: ಆಲೂಗಡ್ಡೆ ಅಲ್ಲಿಗೆ ಆಗಲೇ ಬಂದಿತ್ತು. 1588ರಲ್ಲೇ ಕ್ಲೂಸಿಯಸ್ ಎಂಬ ಸಸ್ಯತಜ್ಞನ ಕೈಗೆ ವಿಯೆನ್ನಾದಲ್ಲಿ ಸಿಕ್ಕಿತ್ತು. ಆದರೂ ರೈತರು ಹೊಲಕ್ಕೆ ಇಳಿಸಲಿಲ್ಲ.

ರಾತ್ರಿ ಓದುಗ: ಇಳಿಸದೇ ಇರೋದಕ್ಕೆ ಕಾರಣ ಇದೆ ಮೇಡಂ. ಆ ತಳಿ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ್ದು. ಅಲ್ಲಿ ವರ್ಷಪೂರ್ತಿ ಹಗಲು ಹನ್ನೆರಡು ಗಂಟೆಯ ಆಸುಪಾಸು. ಯುರೋಪಿನ ಬೇಸಿಗೆಯ ಉದ್ದ ಹಗಲಿಗೆ ಗಿಡ ಸೊಂಪಾಗಿ ಬೆಳೆಯುತ್ತೆ, ಗೆಡ್ಡೆ ಕಟ್ಟೋದು ಮಾತ್ರ ಹಗಲು ಚಿಕ್ಕದಾದ ಮೇಲೆ. ಅಷ್ಟರಲ್ಲಿ ಹಿಮ ಬೀಳುತ್ತೆ. ಈಗಿನ ತಳಿಗೆ ಆ ತೊಂದರೆ ಇಲ್ಲ. ನಾನು ಹೇಳೋದೇ ಅದು!

ಸಿಸ್ಟರ್ ಮಂಗಳೂರು: ಎಲ್ಲರೂ ಹೊಟ್ಟೆ ಬಗ್ಗೆ ಮಾತಾಡ್ತಿದ್ದೀರಿ. ಸಿಡುಬು? ಅಮೆರಿಕದಲ್ಲಿ ಎಲ್ಲ ಮಕ್ಕಳಿಗೂ ಲಸಿಕೆ ಹಾಕೋದು 1972ಕ್ಕೇ ನಿಂತಿತು. ಊರಿನ ಅರ್ಧಕ್ಕಿಂತ ಜಾಸ್ತಿ ಜನರ ತೋಳಲ್ಲಿ ಗುರುತೇ ಇರಲ್ಲ. ಹಸುವಿನ ಸಿಡುಬು ತಗುಲಿದವರಿಗೆ ಮನುಷ್ಯರ ಸಿಡುಬು ಬರಲ್ಲ, ಅದನ್ನು ಹುಡುಕಿ ಮೊದಲ ತಿಂಗಳಲ್ಲೇ ಲಸಿಕೆ ಶುರು ಮಾಡಬೇಕು. ಸೈನ್ಯದ ಜೊತೆ ಹೇನು, ಹೇನಿನ ಜೊತೆ ಟೈಫಸ್ ಜ್ವರವೂ ಬರುತ್ತೆ.

ಹಾಸನದ ಹೊಲ: ರೋಗ ಅಂದಿರಿ, ಸರಿಯಾಗಿ ನೆನಪಿಸಿದಿರಿ. ಆಲೂಗಡ್ಡೆಗೆ ಬರೋ ಅಂಗಮಾರಿ ರೋಗ ಗೊತ್ತಾ? ಮೋಡ ಕವಿದು ಜಡಿಮಳೆ ಹಿಡಿದರೆ ವಾರದಲ್ಲಿ ಹೊಲ ಕಪ್ಪಾಗುತ್ತೆ. ಒಂದು ವರ್ಷ ನಮ್ಮ ಎರಡು ಎಕರೆ ಹಾಗೇ ಹೋಯ್ತು. ಅಪ್ಪ ಹೊಲದ ಕಡೆ ನಾಲ್ಕು ದಿನ ಕಾಲಿಡಲಿಲ್ಲ. ಯುರೋಪಿಗೆ ಈ ರೋಗ ಕಾಲಿಟ್ಟಿದ್ದು 1845ರಲ್ಲಿ. ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ನಿಮ್ಮ ಹಿತ್ತಲ ಗೆಡ್ಡೆಯ ಜೊತೆ ಅದು 200 ವರ್ಷ ಮೊದಲೇ ಹೋಗುತ್ತೆ.

ರಾತ್ರಿ ಓದುಗ: ‘ಹೋಗುತ್ತೆ’ ಅಲ್ಲ, ‘ಹೋಗಬಹುದು’. ರೋಗ ಇಲ್ಲದ ಗೆಡ್ಡೆ ಆರಿಸೋಕೆ ಬರಲ್ವಾ?

ಹಾಸನದ ಹೊಲ: ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ ರೀ! ಹೊಲ ನೋಡದೆ ಮಾತಾಡಬೇಡಿ.

ರಾತ್ರಿ ಓದುಗ: ಹೊಲ ಇದ್ದವರಿಗೆ ಮಾತ್ರ ಮಾತಾಡೋ ಹಕ್ಕಾ? ನಾನು ಓದಿ ಹೇಳ್ತಿದ್ದೀನಿ. ಅಂಗಮಾರಿ ಬಂದರೂ ಅವರಿಗೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯೋದು ಗೊತ್ತಿರುತ್ತೆ. ಐರ್ಲೆಂಡಿನವರಿಗೆ ಗೊತ್ತಿರಲಿಲ್ಲ.

ಹಾಸನದ ಹೊಲ: ಮೈಲುತುತ್ತ ಹೊಡೆಯಬಹುದು, ಅದನ್ನು ಇಲ್ಲ ಅನ್ನಲ್ಲ. ಎಲ್ಲರ ಹೊಲಕ್ಕೆ ಸಾಕಾಗುವಷ್ಟು ಎಲ್ಲಿಂದ ತರ್ತೀರಿ?

ಕೊಡಗಿನ ಕೋವಿ: ಆ ಹೊಲ ಕಾಯೋರು ಯಾರು? ಬೆಳೆ ಕೈಗೆ ಬರೋ ಹೊತ್ತಿಗೆ, ಸೆಪ್ಟೆಂಬರಲ್ಲಿ, ಲೈಪ್‌ಜಿಗ್ ಹತ್ತಿರದ ಬ್ರೈಟೆನ್‌ಫೆಲ್ಡ್‌ನಲ್ಲಿ ಎರಡು ಸೈನ್ಯ ಎದುರಾಗುತ್ತವೆ. ಸೋತ ಸೈನಿಕ ಹಸಿದುಕೊಂಡೇ ಬರುತ್ತಾನೆ.

ಹಳೇ ಪಂಚಾಂಗ: ಬ್ರೈಟೆನ್‌ಫೆಲ್ಡ್ ಹೊಸ ಲೆಕ್ಕದಲ್ಲಿ ಸೆಪ್ಟೆಂಬರ್ 17, ಹಳೇ ಲೆಕ್ಕದಲ್ಲಿ 7. ಬಿತ್ತೋಕೆ, ಕೀಳೋಕೆ ಯಾವ ಪಂಚಾಂಗ ಹಿಡಿಯುತ್ತಾರೆ ಅಂತ ಮೊದಲು ಹೇಳಿ. ಹತ್ತು ದಿನ ತಡವಾದರೆ ಹಿಮ ಗೆಡ್ಡೆ ಮುಟ್ಟುತ್ತೆ.

ಹಾಸನದ ಹೊಲ: ಪಂಚಾಂಗ ನೋಡಿ ಯಾರೂ ಗೆಡ್ಡೆ ಕೀಳಲ್ಲ ಸರ್. ಬಳ್ಳಿ ಹಳದಿಯಾದಾಗ ಕೀಳೋದು.